ಬ್ರಿಟಿಷ್ ಲೈಬ್ರರಿಯ ಹಳೇ ಕೊಲೆಗಳು, ಗಾಳಿಬೀಡಿನ ಮಳೆಗಾಲ

ಕೊಲೆ ಮಾಡಿದ್ದು ಯಾರು ಅಂತ ತಿಳಿಯುವುದಕ್ಕೆ ಮಾತ್ರ ಪತ್ತೇದಾರಿ ಕಾದಂಬರಿ ಓದುವವರು ನೀವಾದರೆ, ‘ಬ್ರಿಟಿಷ್ ಲೈಬ್ರರಿ ಕ್ರೈಮ್ ಕ್ಲಾಸಿಕ್ಸ್’ ಮಾಲೆಗೆ ದುಡ್ಡು ಹಾಕುವ ಮೊದಲು ಸ್ವಲ್ಪ ಯೋಚಿಸಿ. ಇದರಲ್ಲಿ ಎಷ್ಟೋ ಪುಸ್ತಕಗಳಲ್ಲಿ ಕೊಲೆಗಾರ ಅರ್ಧಕ್ಕೇ ಗೊತ್ತಾಗಿಬಿಡುತ್ತಾನೆ. ನಮ್ಮ ಅತ್ತೆಗಂತೂ ಅದಕ್ಕಿಂತ ಮೊದಲೇ ಗೊತ್ತಾಗುತ್ತದೆ. ಆದರೂ ನಾನು ಒಂದಾದ ಮೇಲೆ ಒಂದು ತರಿಸುತ್ತಲೇ ಇದ್ದೇನೆ.

ನಮ್ಮದು ಕೊಡಗಿನ ಗಾಳಿಬೀಡು ಕಡೆ ಒಂದು ಚಿಕ್ಕ ಹೋಮ್‌ಸ್ಟೇ. ಕಾಫಿ, ಕಾಳುಮೆಣಸು ನೋಡಿಕೊಳ್ಳುವುದು ನಮ್ಮವರು. ಅಡುಗೆ, ಅತಿಥಿಗಳು, ಲೆಕ್ಕಪತ್ರ ನನ್ನ ಪಾಲು. ಮಳೆ ಜೋರಾದರೆ ಬರುವವರು ಕಡಿಮೆ. ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ, ಅದರ ಹಿಂದೆಯೇ ಫೋನಿನ ಟವರೂ ಹೋಗುತ್ತದೆ. ಹಾಲ್‌ನಲ್ಲಿ ಅತಿಥಿಗಳಿಗೆ ಅಂತ ಒಂದು ಪುಸ್ತಕದ ಕಪಾಟು ಇಟ್ಟಿದ್ದೇವೆ. ಬೆಂಗಳೂರಿನಿಂದ ಬಂದ ಯಾರೋ ಈ ಮಾಲೆಯ ಒಂದು ಪುಸ್ತಕವನ್ನು ಅಲ್ಲಿ ಬಿಟ್ಟು ಹೋದರು. ಈಗ ಆ ಕಪಾಟಿನ ಒಂದು ಸಾಲು ಪೂರ್ತಿ ಇವೇ.

ಮಾಲೆಯ ಹಿನ್ನೆಲೆ ಸ್ವಲ್ಪ ಹೇಳಬೇಕು, ಯಾಕಂದರೆ ಅದೇ ಇದರ ವಿಶೇಷ. ಬ್ರಿಟನ್ನಿನಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಬ್ರಿಟಿಷ್ ಲೈಬ್ರರಿಗೆ ಕೊಡಲೇಬೇಕು ಅಂತ ಕಾನೂನಿದೆ. ಪುಸ್ತಕ ಓಡಲಿ, ಬಿಡಲಿ, ಬರೆದವರನ್ನು ಊರೇ ಮರೆಯಲಿ, ಆ ಒಂದು ಪ್ರತಿ ಅಲ್ಲಿ ಕೂತಿರುತ್ತದೆ. ಲೈಬ್ರರಿ ಈಗಿನ ಹೆಸರಿನಲ್ಲಿ ಶುರುವಾದದ್ದು 1973ರಲ್ಲಿ. ಅದಕ್ಕೆ ಮೊದಲು ಈ ಪುಸ್ತಕಗಳೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿನ ಲೈಬ್ರರಿಯಲ್ಲಿದ್ದವು. ನಮ್ಮ ದೇಶದಲ್ಲೂ ಇಂಥ ಕಾಯ್ದೆ 1954ರಿಂದ ಇದೆ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮರಾಕ್ಕೆ ಹೀಗೆಯೇ ಪುಸ್ತಕ ಹೋಗಬೇಕು. ಆದರೆ ಬ್ರಿಟಿಷ್ ಲೈಬ್ರರಿಯವರು ಕಾಯುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಾರೆ. ಅವರದೇ ಒಂದು ಪ್ರಕಾಶನ ವಿಭಾಗ ಇದೆ. ತಮ್ಮ ಕಪಾಟಿನಲ್ಲಿ ಮಲಗಿರುವ ಹಳೇ ಕಾದಂಬರಿಗಳನ್ನು ಆರಿಸಿ, ಮುನ್ನುಡಿ ಬರೆಸಿ, ಹೊಸದಾಗಿ ಅಚ್ಚು ಹಾಕಿ ಮಾರುತ್ತಾರೆ.

2012ರ ಸುಮಾರಿಗೆ ಅವರು ‘ದ ನಾಟಿಂಗ್ ಹಿಲ್ ಮಿಸ್ಟರಿ’ ಅನ್ನುವ ಕಾದಂಬರಿ ಹೊರಗೆ ತಂದರು. ಅದು 1862–63ರಲ್ಲಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು. ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡದ್ದೇ 1887ರಲ್ಲಿ ಅಲ್ವಾ? ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಿನದು ಇದು. ಆಮೇಲೆ 1920–30ರ ದಶಕದ ಪುಸ್ತಕಗಳ ಕಡೆ ಹೊರಳಿದರು. ಅಗಾಥಾ ಕ್ರಿಸ್ಟಿ ಬರೆಯುತ್ತಿದ್ದ ಕಾಲದಲ್ಲಿ ಅವರ ಪಕ್ಕದಲ್ಲೇ ಕೂತು ಬರೆದ ನೂರಾರು ಜನ ಇದ್ದರು. ಕ್ರಿಸ್ಟಿ ಉಳಿದರು, ಇವರು ಹೋದರು. ಆ ಹೋದವರ ಮಾಲೆ ಇದು. ಈಗ ನೂರು ಪುಸ್ತಕ ದಾಟಿದೆ. ಆರಿಸಲು ನೆರವಾಗುವವರು, ಹೆಚ್ಚಿನ ಮುನ್ನುಡಿ ಬರೆಯುವವರು ಮಾರ್ಟಿನ್ ಎಡ್ವರ್ಡ್ಸ್. ಅವರೂ ಪತ್ತೇದಾರಿ ಕಾದಂಬರಿಕಾರರೇ, ವಕೀಲರಾಗಿದ್ದವರು.

ಇನ್ನು ಒಂದೊಂದಾಗಿ ಪುಸ್ತಕಗಳು. ಕೊಲೆಗಾರರ ಹೆಸರು ಹೇಳುವುದಿಲ್ಲ, ಹೆದರಬೇಡಿ.

ಅತಿಥಿ ಬಿಟ್ಟು ಹೋದದ್ದು ಜೆ. ಜೆಫರ್ಸನ್ ಫಾರ್ಜನ್ ಬರೆದ ‘ಮಿಸ್ಟರಿ ಇನ್ ವೈಟ್’. ಮೊದಲು ಬಂದದ್ದು 1937ರಲ್ಲಿ. 2014ರಲ್ಲಿ ಲೈಬ್ರರಿ ಮತ್ತೆ ಅಚ್ಚು ಹಾಕಿದಾಗ ಆ ವರ್ಷದ ಕ್ರಿಸ್‌ಮಸ್‌ಗೆ ಇಂಗ್ಲೆಂಡಿನ ಅಂಗಡಿಗಳಲ್ಲಿ ಜನ ಮುಗಿಬಿದ್ದು ಕೊಂಡರು. ಮಾಲೆ ಇಷ್ಟು ಉದ್ದ ಬೆಳೆಯುವುದಕ್ಕೆ ಅದೂ ಒಂದು ಕಾರಣ. ಫಾರ್ಜನ್ ಅರವತ್ತಕ್ಕೂ ಹೆಚ್ಚು ಪುಸ್ತಕ ಬರೆದವರು. ಅವರ ಒಂದು ನಾಟಕವನ್ನು ಹಿಚ್‌ಕಾಕ್ 1932ರಲ್ಲಿ ಸಿನಿಮಾ ಮಾಡಿದ್ದರು. ಆದರೂ ಪೂರ್ತಿ ಮರೆತುಹೋಗಿದ್ದರು.

ಕಥೆ ಹೀಗೆ. ಕ್ರಿಸ್‌ಮಸ್ ಹಿಂದಿನ ದಿನ ಒಂದು ರೈಲು ಹಿಮದಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಡಬ್ಬಿಯಲ್ಲಿದ್ದ ಕೆಲವರು ಇಳಿದು ನಡೆಯುತ್ತಾರೆ. ದಾರಿ ತಪ್ಪುತ್ತದೆ. ಒಂದು ಮನೆ ಕಾಣುತ್ತದೆ. ಬಾಗಿಲು ತೆರೆದಿದೆ, ಒಲೆಯಲ್ಲಿ ಬೆಂಕಿ ಉರಿಯುತ್ತಿದೆ, ಚಹಾಕ್ಕೆ ಎಲ್ಲ ಜೋಡಿಸಿಟ್ಟಿದೆ. ಮನೆಯಲ್ಲಿ ಮಾತ್ರ ಒಂದು ನರಪಿಳ್ಳೆ ಇಲ್ಲ.

ಈ ಮೊದಲ ಐವತ್ತು ಪುಟಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಹಿಮ ನಾನು ಕಂಡವಳಲ್ಲ. ಆದರೆ ಹೊರಗೆ ಹೋಗಲಾಗದೆ ಗುರುತಿಲ್ಲದವರ ಜೊತೆ ಒಂದೇ ಸೂರಿನಡಿ ಉಳಿಯುವುದು ಗೊತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ನಮ್ಮ ಕಡೆಯ ರಸ್ತೆಗಳೆಲ್ಲ ಹೋದಾಗ ಯಾರ ಮನೆಯ ಅಕ್ಕಿ ಯಾರು ಬೇಯಿಸಿದರು ಅಂತ ಯಾರೂ ಲೆಕ್ಕ ಇಡಲಿಲ್ಲ. ಫಾರ್ಜನ್ ಪಾತ್ರಗಳು ಮಾತ್ರ ಬೇರೆಯವರ ಚಹಾ ಕುಡಿಯಬಹುದೋ ಬೇಡವೋ ಅಂತ ಚರ್ಚೆಗೆ ಕೂರುತ್ತವೆ. ನಾನು ಓದಿ ಅತ್ತೆಗೆ ಹೇಳುತ್ತಾ ಹೋದೆ. ಮನೆಯಲ್ಲಿ ನಮ್ಮ ಮಾತೆಲ್ಲ ಅರೆಭಾಷೆ ಅನ್ನುವ ಈ ಕಡೆಯ ಕನ್ನಡದಲ್ಲಿ, ಇಂಗ್ಲೆಂಡಿನ ಹಿಮವೂ ಅದರಲ್ಲೇ ಬೀಳುತ್ತದೆ. ಅತ್ತೆ ಕೇಳಿ ಅಂದರು, “ಹಸಿದವರು ಕುಡಿಯಲಿ ಬಿಡು. ನೀರು ಕುದಿಯುವುದಕ್ಕೆ ಇಟ್ಟವರು ಎಲ್ಲಿ ಹೋದರು, ಅದನ್ನು ಹೇಳು.” ಮುನ್ನೂರು ಪುಟದ ಪುಸ್ತಕದ ಪ್ರಶ್ನೆ ಅಷ್ಟೇ ನೋಡಿ. ಕೊನೆಯ ಭಾಗ ಮಾತ್ರ ಸಡಿಲ. ಹಳೇ ಕಥೆಯೆಲ್ಲ ಯಾರೋ ಕೂತು ವಿವರಿಸಬೇಕು, ನಾವು ಕೇಳಬೇಕು. ಒಟ್ಟು ಮೂರೂವರೆ.

ಎರಡನೆಯದು ಮೇವಿಸ್ ಡೋರಿಯಲ್ ಹೇ ಬರೆದ ‘ಮರ್ಡರ್ ಅಂಡರ್‌ಗ್ರೌಂಡ್’, 1934ರದು. ಲಂಡನ್ನಿನ ಬೆಲ್‌ಸೈಜ್ ಪಾರ್ಕ್ ಅನ್ನುವ ನೆಲದಡಿಯ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಒಬ್ಬ ಮುದುಕಿಯ ಹೆಣ. ಅವರದೇ ನಾಯಿಯ ಪಟ್ಟಿಯಿಂದ ಕತ್ತು ಬಿಗಿದಿದ್ದಾರೆ. ಪತ್ತೇದಾರಿ ಕಥೆಯಾಗಿ ನೋಡಿದರೆ ಇದು ಸಪ್ಪೆ. ಮುದುಕಿಯ ಅಣ್ಣನ ಮಗ ಒಬ್ಬ ಇದ್ದಾನೆ, ಪ್ರತಿ ಅಧ್ಯಾಯದಲ್ಲೂ ಸುಮ್ನೆ ಒಂದು ಹೊಸ ಸುಳ್ಳು ಹೇಳುತ್ತಾನೆ. ಅವನ ಕೆನ್ನೆಗೆ ಎರಡು ಬಾರಿಸಿದರೆ ಪುಸ್ತಕ ನೂರು ಪುಟಕ್ಕೆ ಮುಗಿಯುತ್ತಿತ್ತು.

ಆದರೆ ಆ ಮುದುಕಿ ಇದ್ದ ವಸತಿಗೃಹ ಇದೆಯಲ್ಲ, ಅದನ್ನು ಓದಿ. ಒಂಟಿ ಹೆಂಗಸರು, ಆಫೀಸಿಗೆ ಹೋಗುವ ಹುಡುಗಿಯರು, ಕೆಲಸವಿಲ್ಲದ ಗಂಡಸರು, ಎಲ್ಲರೂ ಬಾಡಿಗೆ ಕೊಟ್ಟು ಒಂದೇ ಮನೆಯಲ್ಲಿ ಇರುತ್ತಾರೆ. ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂರಬೇಕು, ಬೆಂಕಿಯ ಹತ್ತಿರದ ಕುರ್ಚಿ ಯಾರದು, ಇವೆಲ್ಲ ಅಲ್ಲಿ ದೊಡ್ಡ ರಾಜಕೀಯ. ಕೋಣೆ ಬಾಡಿಗೆಗೆ ಕೊಡುವ ನನ್ನಂಥವಳಿಗೆ ಇದು ಕಸುಬಿನ ವಿಷಯ. ಮದುವೆಯಾಗದ ಹೆಂಗಸು ಸ್ವಂತ ದುಡ್ಡಿನಲ್ಲಿ ಬದುಕುವುದು ಆಗಷ್ಟೇ ಶುರುವಾಗಿತ್ತು. ಆ ಬದುಕು ಹೇಗಿತ್ತು ಅಂತ ಇತಿಹಾಸದ ಪುಸ್ತಕ ಹೇಳಿದರೆ ಒಂದು ಸಾಲು ಹೇಳೀತು. ಇಲ್ಲಿ ಆ ಕೋಣೆಯೊಳಗೇ ಇರುತ್ತೀರಿ. ಬರೆದವರಿಗೆ ಅದು ವಿಶೇಷ ಅನ್ನಿಸಿರಲೂ ಇಲ್ಲ, ಹಿನ್ನೆಲೆಗೆ ಅಂತ ಬರೆದುಕೊಂಡು ಹೋಗಿದ್ದಾರೆ. ಹಾಗಾಗಿಯೇ ಅದರಲ್ಲಿ ಸೋಗು ಇಲ್ಲ. ಹೇ ಬರೆದದ್ದು ಮೂರೇ ಪತ್ತೇದಾರಿ ಕಾದಂಬರಿ. ಹಳ್ಳಿಯ ಕೈಕಸುಬುಗಳ ಬಗ್ಗೆಯೂ ಅಧ್ಯಯನ ಮಾಡಿ ಬರೆದವರು ಅಂತ ತಿಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ, ಅಷ್ಟು ಕಣ್ಣಿದೆ. ಕಥೆಗೆ ಎರಡು, ಮನೆಗೆ ನಾಲ್ಕು.

‘ದ ಪಾಯ್ಸನ್ಡ್ ಚಾಕೊಲೇಟ್ಸ್ ಕೇಸ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಂಥನಿ ಬರ್ಕ್ಲಿ 1929ರಲ್ಲಿ ಬರೆದದ್ದು. ಮಾಲೆಯಲ್ಲಿ ಅತಿ ಜಾಣ ಪುಸ್ತಕ ಇದೇ ಇರಬೇಕು. ವಿಷ ಹಾಕಿದ ಚಾಕೊಲೇಟು ಒಬ್ಬರಿಗೆ ಅಂತ ಬಂದು ಇನ್ನೊಬ್ಬರ ಮನೆ ಸೇರುತ್ತದೆ. ಒಂದು ಕ್ಲಬ್ಬಿನ ಆರು ಜನ ಅದೇ ಸಾಕ್ಷಿಗಳನ್ನು ಇಟ್ಟುಕೊಂಡು ಆರು ಬೇರೆ ಉತ್ತರ ಕೊಡುತ್ತಾರೆ. ಲೈಬ್ರರಿಯ ಆವೃತ್ತಿಯಲ್ಲಿ ಇನ್ನೂ ಎರಡು ಉತ್ತರ ಸೇರಿಸಿದ್ದಾರೆ. ಒಂದು ಕ್ರಿಸ್ಟಿಯಾನಾ ಬ್ರ್ಯಾಂಡ್ 1979ರಲ್ಲಿ ಬರೆದದ್ದು, ಇನ್ನೊಂದು ಮಾರ್ಟಿನ್ ಎಡ್ವರ್ಡ್ಸ್ ಅವರೇ ಹೊಸದಾಗಿ ಬರೆದದ್ದು. ಹಳೇ ಪುಸ್ತಕವನ್ನು ಮತ್ತೆ ಅಚ್ಚು ಹಾಕುವುದು ಅಂದರೆ ಹೀಗೆ. ಅತ್ತೆಗೆ ಎಂಟು ಉತ್ತರವೂ ಒಪ್ಪಿಗೆಯಾಗಲಿಲ್ಲ, ಅವರದು ಒಂಬತ್ತನೆಯದು ಇದೆ. ಐದಕ್ಕೆ ನಾಲ್ಕೂವರೆ. ಆದರೆ ಇದರಲ್ಲಿ ಬದುಕು ಕಡಿಮೆ, ಲೆಕ್ಕ ಜಾಸ್ತಿ.

ಈಗ ನನಗೆ ತುಂಬಾ ಹಿಡಿಸಿದ್ದಕ್ಕೆ ಬರುತ್ತೇನೆ. ಇ. ಸಿ. ಆರ್. ಲೊರಾಕ್ ಬರೆದ ‘ಫೈರ್ ಇನ್ ದ ಥ್ಯಾಚ್’, 1946ರದು. ಲೊರಾಕ್ ಅಂದರೆ ಈಡಿತ್ ಕ್ಯಾರೊಲಿನ್ ರಿವೆಟ್ ಅನ್ನುವ ಹೆಂಗಸು. ತೀರಿಹೋದದ್ದು 1958ರಲ್ಲಿ. ಬದುಕಿದ್ದಾಗ ಹತ್ತಾರು ಪುಸ್ತಕ ಬಂದವು, ಸತ್ತ ಮೇಲೆ ಒಂದೊಂದೇ ಮುದ್ರಣ ನಿಂತವು. ಹಳೇ ಪ್ರತಿಗಳು ಸಂಗ್ರಹ ಮಾಡುವವರ ಕೈಗೆ ಮಾತ್ರ ಸಿಗುತ್ತಿದ್ದವು. ಈ ಮಾಲೆಯಿಂದ ಎದ್ದು ಬಂದವರಲ್ಲಿ ಅವರ ಹೆಸರು ದೊಡ್ಡದು.

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದೆ. ಡೆವನ್ ಅನ್ನುವ ಕೃಷಿ ಸೀಮೆ. ಹಳೇ ಮನೆತನದ ಒಬ್ಬ ಕರ್ನಲ್‌ಗೆ ಜಮೀನು ಇದೆ, ಅದರಲ್ಲಿ ಹುಲ್ಲು ಮಾಡಿನ ಒಂದು ಚಿಕ್ಕ ಮನೆ ಖಾಲಿಯಾಗಿದೆ. ಅವರ ಮಗ ಜಪಾನೀಯರ ಸೆರೆಯಲ್ಲಿದ್ದಾನೆ. ಸೊಸೆ ಲಂಡನ್ನಿನವಳು, ಹಳ್ಳಿ ಅವಳಿಗೆ ಬೇಸರ. ಅವಳ ಸ್ನೇಹಿತ ಒಬ್ಬ ದುಡ್ಡಿನ ಕುಳ ಇದ್ದಾನೆ. ಅವನಿಗೆ ವಾರಾಂತ್ಯಕ್ಕೆ ಬಂದು ಮಜಾ ಮಾಡುವುದಕ್ಕೆ ಆ ಮನೆ ಬೇಕು. ಎಷ್ಟು ಬೇಕಾದರೂ ಕೊಡುತ್ತಾನೆ. ಕರ್ನಲ್ ಒಪ್ಪುವುದಿಲ್ಲ. ಯುದ್ಧದಲ್ಲಿ ಗಾಯವಾಗಿ ನೌಕಾಪಡೆ ಬಿಟ್ಟು ಬಂದ ಒಬ್ಬ ಯುವಕ ನೆಲ ಉಳುತ್ತೇನೆ ಅಂತ ಕೇಳುತ್ತಾನೆ, ಅವನಿಗೆ ಕೊಡುತ್ತಾರೆ. ಅವನು ಕಳೆ ಕಿತ್ತು, ಮಣ್ಣು ಹದ ಮಾಡಿ, ತೋಟ ಎಬ್ಬಿಸುತ್ತಾನೆ. ಕೆಲವು ತಿಂಗಳ ಮೇಲೆ ಒಂದು ರಾತ್ರಿ ಮನೆ ಸುಟ್ಟು ಬೂದಿಯಾಗುತ್ತದೆ. ಒಳಗೆ ಒಂದು ಹೆಣ.

ಇದು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕಾಫಿ ಬೆಲೆ ಬಿದ್ದಾಗ ತೋಟ ಮಾರಿದವರು, ಹೊರಗಿನಿಂದ ಬಂದು ಗುಡ್ಡ ಕಡಿದು ರೆಸಾರ್ಟ್ ಮಾಡಿದವರು, ಮಾರಬೇಡ ಅಂತ ಅಪ್ಪ, ಮಾರೋಣ ಅಂತ ಮಗ. ಇದೆಲ್ಲ ನಮ್ಮ ಕೊಡಗಿನ ಪ್ರತಿ ಮದುವೆ ಊಟದಲ್ಲಿ ನಡೆಯುವ ಮಾತು. ನಾನೂ ಪೇಟೆಯವರಿಗೆ ಕೋಣೆ ಕೊಟ್ಟು ಬದುಕುವವಳೇ, ಅದು ಬೇರೆ ವಿಷಯ. ಆದರೆ ನೆಲ ಯಾರಿಗೆ ಸೇರಬೇಕು, ದುಡ್ಡು ಕೊಟ್ಟವನಿಗೋ ಗೆಯ್ಯುವವನಿಗೋ ಅನ್ನುವ ಪ್ರಶ್ನೆಯನ್ನು ಒಂದು ಕೊಲೆ ಕಥೆಯ ಹೊಟ್ಟೆಯೊಳಗೆ ಇಟ್ಟು ಬರೆದಿದ್ದಾರಲ್ಲ, ಅದು ನನಗೆ ಹಿಡಿಸಿತು. ಬರ್ಮಾ ಯುದ್ಧಕ್ಕೆ ಹೋದವರ ಫೋಟೊ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಗೋಡೆಯಲ್ಲಿದೆ. ಸೆರೆಯಲ್ಲಿರುವ ಮಗನ ಸುದ್ದಿಗೆ ಕಾಯುವ ಕರ್ನಲ್‌ನ ಬಗ್ಗೆ ಇಲ್ಲಿಯವರಿಗೆ ವಿವರಿಸಬೇಕಾಗಿಯೇ ಇಲ್ಲ.

ಅತ್ತೆಗೂ ಇದೇ ಇಷ್ಟ. ಪತ್ತೇದಾರ ಮ್ಯಾಕ್‌ಡೊನಾಲ್ಡ್ ಹೊಲದಲ್ಲಿ ನಡೆದು, ರೈತರ ಜೊತೆ ಕೂತು, ಅವಸರ ಮಾಡದೆ ವಿಚಾರಿಸುತ್ತಾನೆ. “ಇವನು ಮರ್ಯಾದಸ್ಥ” ಅಂತ ಅವರು ಸರ್ಟಿಫಿಕೇಟ್ ಕೊಟ್ಟರು. ಆ ಯುವಕ ಬೆಳೆಸಿದ ತರಕಾರಿಗಳ ಬಗ್ಗೆ ಮತ್ತೊಮ್ಮೆ ಓದು ಅಂತ ಹೇಳಿಸಿಕೊಂಡು ಕೇಳಿದರು. ಸೊಸೆಯ ಪಾತ್ರ ಮಾತ್ರ ಸ್ವಲ್ಪ ಏಕಪಕ್ಷ. ಲಂಡನ್ನಿನವಳು, ತುಟಿಗೆ ಬಣ್ಣ ಹಚ್ಚುತ್ತಾಳೆ, ಆದ್ದರಿಂದ ಕೆಟ್ಟವಳು ಅನ್ನುವ ಧಾಟಿ. ಈ ವಿಷಯದಲ್ಲಿ ಅತ್ತೆ ಲೊರಾಕ್ ಕಡೆ, ನಾನು ಸೊಸೆಯ ಕಡೆ. ಐದಕ್ಕೆ ಐದು ಕೊಡಬೇಕಿತ್ತು, ಅದಕ್ಕೆ ಅರ್ಧ ಕಳೆದಿದ್ದೇನೆ.

ಲೈಬ್ರರಿಯವರದೇ ಇನ್ನೊಂದು ಮಾಲೆ ಇದೆ, ‘ವಿಮೆನ್ ರೈಟರ್ಸ್’ ಅಂತ. 2020ರಲ್ಲಿ ಶುರುವಾದದ್ದು. ಇದರಲ್ಲಿ ಕೊಲೆ ಇಲ್ಲ, ಮರೆತುಹೋದ ಲೇಖಕಿಯರ ಕಾದಂಬರಿಗಳು. ಪುಸ್ತಕದ ಮೊದಲಿಗೆ ಆ ದಶಕದಲ್ಲಿ ಏನೇನು ನಡೆಯಿತು ಅಂತ ಪಟ್ಟಿ ಇರುತ್ತದೆ, ಕೊನೆಯಲ್ಲಿ ಸೈಮನ್ ಥಾಮಸ್ ಅವರ ಬರಹ. ನಾನು ಓದಿದ್ದು ಇ. ಎಂ. ಡೆಲಾಫೀಲ್ಡ್ ಬರೆದ ‘ಟೆನ್ಷನ್’, 1920ರದು. ಒಂದು ಊರಿನ ಕಾಲೇಜಿಗೆ ಒಬ್ಬಳು ಕೆಲಸಕ್ಕೆ ಬರುತ್ತಾಳೆ. ಊರಿನ ದೊಡ್ಡ ಹೆಂಗಸೊಬ್ಬರು ಅವಳ ಹಳೇ ವಿಷಯ ಕೆದಕಿ, ಒಂದೂ ಕೆಟ್ಟ ಮಾತಾಡದೆ, ಬರೀ ಅನುಕಂಪ ತೋರಿಸಿಯೇ ಅವಳ ಹೆಸರು ಕೆಡಿಸುತ್ತಾರೆ. ಮಡಿಕೇರಿಯಲ್ಲಿ ಓದಿದ ನನಗೆ ಈ ಅನುಕಂಪದ ಪರಿಚಯ ಚೆನ್ನಾಗಿದೆ. ಹೆಣ ಇಲ್ಲದೆಯೂ ಕೊಲೆ ಆಗುತ್ತದೆ ಅನ್ನುವುದಕ್ಕೆ ಈ ಪುಸ್ತಕ ಸಾಕು.

ಇನ್ನು ವಸ್ತುವಾಗಿ ಈ ಪುಸ್ತಕಗಳು ಹೇಗಿವೆ? ಕ್ರೈಮ್ ಕ್ಲಾಸಿಕ್ಸ್‌ನ ಮುಖಪುಟಗಳಿಗೆ ಹೆಚ್ಚಾಗಿ ಆ ಕಾಲದ ರೈಲ್ವೆ ಕಂಪನಿಗಳ ಪ್ರವಾಸಿ ಪೋಸ್ಟರುಗಳ ಚಿತ್ರ ಹಾಕಿದ್ದಾರೆ. ಸಮುದ್ರ ತೀರ, ಗುಡ್ಡ, ಸೇತುವೆ, ಗಟ್ಟಿ ಬಣ್ಣ. ಹೆಣ, ರಕ್ತ, ಚಾಕು ಯಾವುದೂ ಇಲ್ಲ. ಸಾಲಾಗಿ ಇಟ್ಟರೆ ಕಣ್ಣಿಗೆ ಹಬ್ಬ. ಅತಿಥಿಗಳು ಮೊದಲು ಕೈ ಹಾಕುವುದೇ ಇವಕ್ಕೆ. ಎಷ್ಟೋ ಜನ ಓದುವುದಿಲ್ಲ, ಕಾಫಿ ಲೋಟದ ಪಕ್ಕ ಇಟ್ಟು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅಕ್ಷರ ಸಾಕಷ್ಟು ದೊಡ್ಡದು, ಕರೆಂಟು ಇಲ್ಲದಾಗ ಎಮರ್ಜೆನ್ಸಿ ದೀಪದಲ್ಲೂ ಓದಬಹುದು.

ಆದರೆ ಇವು ನಮ್ಮ ಮಳೆಗೆ ಮಾಡಿದ ಪುಸ್ತಕ ಅಲ್ಲ. ಜುಲೈ ಬಂದರೆ ಹೊದಿಕೆ ಸುರುಳಿಯಾಗುತ್ತದೆ. ಅಂಟಿನ ಬೈಂಡಿಂಗ್ ಬೇರೆ, ಪೂರ್ತಿ ಬಿಡಿಸಿ ಮಗುಚಿ ಇಟ್ಟರೆ ಬೆನ್ನು ಬಿಡುತ್ತದೆ. ಬೂಸ್ಟು ಹಿಡಿಯದ ಹಾಗೆ ಕಪಾಟಿನೊಳಗೆ ಒಂದು ನಲವತ್ತು ವಾಟಿನ ಹಳೇ ಬಲ್ಬು ಹಾಕಿಟ್ಟಿದ್ದೇನೆ. ಕೊಡಗಿನವರಿಗೆ ಇದು ಗೊತ್ತಿರುವ ಉಪಾಯ. ಎಲ್‌ಇಡಿ ಬಲ್ಬು ಹಾಕಿ ಪ್ರಯೋಜನ ಇಲ್ಲ, ಬಿಸಿ ಬರುವುದಿಲ್ಲ. ಒಂದು ಪುಸ್ತಕ ಆನ್‌ಲೈನ್‌ನಲ್ಲಿ ತರಿಸಿದಾಗ ಮೂಲೆ ಜಜ್ಜಿ, ಒದ್ದೆಯಾಗಿ ಬಂತು. ಮಾರಿದವರಿಗೆ ಫೋಟೊ ಕಳಿಸಿದೆ, ಬೇರೆ ಕಳಿಸಿಕೊಟ್ಟರು. ಅದೂ ಒದ್ದೆ. ಅದರಲ್ಲಿ ಲೈಬ್ರರಿಯ ತಪ್ಪೇನಿಲ್ಲ.

ಮಾಲೆಯ ಬಗ್ಗೆ ದೂರು ಇಲ್ಲ ಅಂತಲ್ಲ. ಮೊದಲನೆಯದು, ಇಷ್ಟು ಪುಸ್ತಕ ಬೇಕಿತ್ತಾ? ಮರೆತದ್ದೆಲ್ಲ ಅನ್ಯಾಯವಾಗಿ ಮರೆತದ್ದಲ್ಲ. ಕೆಲವು ಕಾದಂಬರಿಗಳಲ್ಲಿ ರೈಲಿನ ವೇಳಾಪಟ್ಟಿ ಹಿಡಿದುಕೊಂಡು ಇನ್ಸ್‌ಪೆಕ್ಟರ್ ಪುಟಗಟ್ಟಲೆ ಕೂಡಿ ಕಳೆಯುತ್ತಾನೆ. ಅಂಥವನ್ನು ಆ ಕಾಲದ ಓದುಗರು ಬಿಟ್ಟದ್ದು ಸರಿಯಾಗಿಯೇ ಇತ್ತು. ಮಾಲೆ ಓಡುತ್ತಿದೆ ಅಂತ ತಿಂಗಳಿಗೊಂದು ಹೊಸದು ಹುಡುಕುವ ಅವಸರ ಅಲ್ಲಲ್ಲಿ ಕಾಣುತ್ತದೆ. ಮುನ್ನುಡಿ ಓದಿದರೆ ಗೊತ್ತಾಗುತ್ತದೆ. ಎಡ್ವರ್ಡ್ಸ್‌ಗೆ ಪುಸ್ತಕ ನಿಜವಾಗಿ ಇಷ್ಟವಾದರೆ ಕಥೆಯ ಬಗ್ಗೆ ಬರೆಯುತ್ತಾರೆ. ಅಷ್ಟಕ್ಕಷ್ಟೇ ಅನ್ನಿಸಿದರೆ ಲೇಖಕರು ಎಲ್ಲಿ ಹುಟ್ಟಿದರು, ಯಾವ ಶಾಲೆಗೆ ಹೋದರು ಅಂತ ಬರೆಯುತ್ತಾರೆ. ಅಂಗಡಿಯಲ್ಲಿ ನಿಂತು ಮೊದಲೆರಡು ಪುಟ ತಿರುವಿ ಇದನ್ನು ಪರೀಕ್ಷೆ ಮಾಡಬಹುದು.

ಎರಡನೆಯದು, ಆ ಕಾಲದ ದೊಡ್ಡಸ್ತಿಕೆ. ಬಣ್ಣದ ಬಗ್ಗೆ, ಬಡವರ ಬಗ್ಗೆ, ಯೆಹೂದ್ಯರ ಬಗ್ಗೆ, ಹಿಂದುಸ್ತಾನದ ಬಗ್ಗೆ ಪಾತ್ರಗಳು ಆಡುವ ಮಾತು ಈಗ ಓದಿದರೆ ಚುಚ್ಚುತ್ತದೆ. ಇಂಥ ಧೋರಣೆಗಳು ಪುಸ್ತಕದಲ್ಲಿವೆ ಅಂತ ಪ್ರಕಾಶಕರು ಈಚಿನ ಆವೃತ್ತಿಗಳ ಮೊದಲಲ್ಲೇ ಒಂದು ಟಿಪ್ಪಣಿ ಹಾಕುತ್ತಾರೆ. ಅದು ಒಳ್ಳೆಯದು. ಹಿಂದುಸ್ತಾನದಿಂದ ನಿವೃತ್ತನಾಗಿ ಬಂದ ಮೀಸೆಯ ಕರ್ನಲ್ ಒಬ್ಬ ಈ ಪುಸ್ತಕಗಳಲ್ಲಿ ಆಗಾಗ ಬರುತ್ತಾನೆ. ಅವನನ್ನು ಕಂಡರೆ ನನಗೆ ನಗು. ನಮ್ಮ ಮಡಿಕೇರಿಯ ಸುತ್ತ 1854ರಿಂದ ಕಾಫಿ ತೋಟ ಮಾಡಿದ ದೊರೆಗಳ ಸಂತಾನ ಇವನೇ ಇರಬೇಕು ಅಂದುಕೊಳ್ಳುತ್ತೇನೆ. ಅಂದಹಾಗೆ 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶ ಮಾಡಿಕೊಂಡ ಕಾಲದ ಕಾಗದಪತ್ರಗಳು ಇರುವುದೂ ಇದೇ ಲೈಬ್ರರಿಯಲ್ಲಿ. ಲಂಡನ್ನಿನಲ್ಲಿ ಕೂತು ಹಿಂದುಸ್ತಾನದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ದಾಖಲೆಗಳನ್ನೆಲ್ಲ 1982ರಲ್ಲಿ ಅವರಿಗೆ ಒಪ್ಪಿಸಿದರು. ನಮ್ಮ ರಾಜ್ಯ ಹೋದ ಕಥೆಯೂ, ಈ ಚಹಾ ಮೇಜಿನ ಕೊಲೆಗಳೂ ಒಂದೇ ಸೂರಿನಡಿ ಇವೆ.

ಇಷ್ಟು ಓದಿದ ಮೇಲೆ ಹೊಟ್ಟೆಕಿಚ್ಚು ಆಗದೆ ಇರುತ್ತದಾ? ಕೊಡಗಿನ ಗೌರಮ್ಮ 1939ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ತೀರಿಹೋದರು. ಈ ಮಾಲೆಯ ಹೆಂಗಸರು ಬರೆಯುತ್ತಿದ್ದ ಅದೇ ವರ್ಷಗಳಲ್ಲಿ ಅವರು ಇಲ್ಲಿ ತೋಟದ ಮನೆಯಲ್ಲಿ ಕೂತು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಅನ್ನುವ ಹೆಸರಿನಲ್ಲಿ ಕಥೆ ಬರೆಯುತ್ತಿದ್ದರು. ವಿಧವೆಯರ ಬಗ್ಗೆ, ಮದುವೆಯ ಬಗ್ಗೆ ಅವರು ಬರೆದದ್ದನ್ನು ಓದಿದರೆ ಇಷ್ಟು ಧೈರ್ಯ ಎಲ್ಲಿಂದ ಬಂತು ಅನ್ನಿಸುತ್ತದೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಲಿ ಅಂತ ಉಪವಾಸ ಕೂತು ಕರೆಸಿಕೊಂಡವರು ಅವರು. ಗೌರಮ್ಮನವರ ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು, 2023ರಲ್ಲಿ ಪುಸ್ತಕವಾಗಿ ಬಂತು. ಬಾನು ಮುಷ್ತಾಕ್ ಅವರ ಜೊತೆ 2025ರ ಇಂಟರ್‌ನ್ಯಾಷನಲ್ ಬೂಕರ್ ಪಡೆದವರೂ ಅವರೇ. ನನ್ನ ಕಪಾಟಿಗೆ ಬರುವ ಅತಿಥಿಗಳಿಗೆ ಗೌರಮ್ಮ ಗೊತ್ತಾಗುವುದು ಈಗ ಹೆಚ್ಚಾಗಿ ಆ ಇಂಗ್ಲಿಷ್ ಪುಸ್ತಕದಿಂದ. ಕನ್ನಡದಲ್ಲಿ ಓದಬೇಕು ಅಂದವರಿಗೆ ಇದೇ ರೀತಿ, ಮುನ್ನುಡಿ, ಕಾಲದ ಪಟ್ಟಿ, ಕಣ್ಣಿಗೆ ಹಿಡಿಯುವ ಮುಖಪುಟ ಎಲ್ಲ ಇರುವ ಒಂದು ಚಂದದ ಆವೃತ್ತಿ ಕೈಗೆ ಕೊಡಬೇಕು ಅಂತ ನನಗೆ ಆಸೆ.

ಹಕ್ಕಿನ ತೊಡಕೂ ಇಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಮಾತ್ರ ಹಕ್ಕು. ಗೌರಮ್ಮನವರ ಬರಹ ಈಗ ಎಲ್ಲರದು. ಕೊಡವ ಭಾಷೆಯ ನಾಟಕಗಳನ್ನು ಬರೆದ ಹರದಾಸ ಅಪ್ಪಚ್ಚಕವಿ ತೀರಿಹೋದದ್ದು 1944ರಲ್ಲಿ, ಅವೂ 2005ರಿಂದ ಎಲ್ಲರದು. ಬ್ರಿಟನ್ನಿನಲ್ಲಿ ಹಕ್ಕು 70 ವರ್ಷ. ಲೊರಾಕ್ ಪುಸ್ತಕಗಳಿಗೆ 2028ರ ಕೊನೆಯವರೆಗೂ ಇದೆ. ಬ್ರಿಟಿಷ್ ಲೈಬ್ರರಿಯವರು ಲೇಖಕರ ಮಕ್ಕಳು, ಸೋದರಳಿಯಂದಿರು ಯಾರಿದ್ದಾರೆ ಅಂತ ಹುಡುಕಿ, ಒಪ್ಪಂದ ಮಾಡಿಕೊಂಡು, ಆಮೇಲೆ ಅಚ್ಚು ಹಾಕಬೇಕು. ಅಷ್ಟು ಕಷ್ಟ ಪಟ್ಟು ಅವರು ನೂರು ದಾಟಿದ್ದಾರೆ.

ಪತ್ತೇದಾರಿಯ ವಿಷಯಕ್ಕೆ ಬಂದರೆ ಕನ್ನಡಕ್ಕೂ ಒಂದು ಕಾಲ ಇತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಮ್ಮ ಅತ್ತೆ ಮದುವೆಗೆ ಮೊದಲು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಪಠ್ಯಪುಸ್ತಕದೊಳಗೆ ಇಟ್ಟು ಓದಿದವರು. ಅವರು ಕೊಲೆಗಾರರನ್ನು ಇಷ್ಟು ಬೇಗ ಹಿಡಿಯುವ ಗುಟ್ಟು ಇದೇ ಅಂತ ಕಾಣುತ್ತದೆ. ಆ ಪುಸ್ತಕಗಳನ್ನು ಸಾಹಿತ್ಯ ಅಂತ ಯಾರೂ ಎಣಿಸಲಿಲ್ಲ. ಆದರೆ ಐವತ್ತು ಅರವತ್ತರ ದಶಕದ ಬೆಂಗಳೂರಿನ ಬೀದಿ, ಹೋಟೆಲು, ಬಾಡಿಗೆ ಮನೆ, ಕಾರು, ಟೆಲಿಫೋನು ಎಲ್ಲ ಅದರಲ್ಲಿದೆ ಅಂತ ಅವರು ಹೇಳುತ್ತಾರೆ. ಓದಿ ನೋಡೋಣ ಅಂದರೆ ನನಗೆ ಸಿಕ್ಕಿದ್ದು ಮುಖಪುಟ ಹರಿದ ಒಂದೆರಡು ಪ್ರತಿ ಮಾತ್ರ. ಯಾವುದಾದರೂ ವಿಶ್ವವಿದ್ಯಾಲಯದ ಪ್ರಸಾರಾಂಗವೋ, ಗ್ರಂಥಾಲಯ ಇಲಾಖೆಯೋ ಮನಸ್ಸು ಮಾಡಿ ಹತ್ತೇ ಹತ್ತು ಆರಿಸಿ ತಂದರೆ ಮೊದಲ ಗಿರಾಕಿ ನಮ್ಮ ಅತ್ತೆ.

ಕೊಳ್ಳುವವರಿಗೆ. ಹೊಸ ಪ್ರತಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ವಾರಕ್ಕೊಂದು ಥರ ಇರುತ್ತದೆ, ಹಾಗಾಗಿ ಇಳಿಯುವವರೆಗೆ ಕಾಯಿರಿ. ಬೆಂಗಳೂರಿಗೆ ಹೋದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿದ್ದೂ ಇದೆ. ಅಮೆರಿಕದಲ್ಲಿ ಇದೇ ಪುಸ್ತಕಗಳನ್ನು ಪಾಯ್ಸನ್ಡ್ ಪೆನ್ ಪ್ರೆಸ್ ತಂದಿದೆ, ಒಳಗಿನ ಕಥೆ ಅದೇ. ಮಳೆಗಾಲದಲ್ಲಿ ಗಾಳಿಬೀಡಿನಂಥ ಕಡೆ ಇರುವವರು ಪಾರ್ಸೆಲ್ ಮನೆಗೆ ತರಿಸಬೇಡಿ. ಮಡಿಕೇರಿಯಲ್ಲಿ ಪರಿಚಯದ ಅಂಗಡಿಯ ವಿಳಾಸ ಕೊಟ್ಟು, ಪೇಟೆಗೆ ಹೋದಾಗ ತೆಗೆದುಕೊಳ್ಳಿ. ಒಂದೇ ಕೊಳ್ಳುವುದಾದರೆ ‘ಫೈರ್ ಇನ್ ದ ಥ್ಯಾಚ್’. ಕ್ರಿಸ್‌ಮಸ್ ರಜೆಗೆ ಹಗುರವಾಗಿ ಏನಾದರೂ ಬೇಕು ಅಂದರೆ ‘ಮಿಸ್ಟರಿ ಇನ್ ವೈಟ್’. ಮಾಲೆಗೆ ಒಟ್ಟು ಐದಕ್ಕೆ ನಾಲ್ಕು. ನಮ್ಮಲ್ಲಿಗೆ ಬಂದವರು ಕಪಾಟಿನಿಂದ ತೆಗೆದು ಓದಬಹುದು, ಹೊರಡುವಾಗ ಬ್ಯಾಗಿಗೆ ಹಾಕಿಕೊಳ್ಳುವಂತಿಲ್ಲ. ಲೊರಾಕ್ ಪುಸ್ತಕ ಮಾತ್ರ ಈಗ ಕೇಳಬೇಡಿ, ನಾದಿನಿ ಸುಂಟಿಕೊಪ್ಪಕ್ಕೆ ತೆಗೆದುಕೊಂಡು ಹೋದವಳು ಇನ್ನೂ ವಾಪಸ್ ಕೊಟ್ಟಿಲ್ಲ.